ಸ್ಕ್ರಿಪ್ಟಿನಲ್ಲಿ ಪಾತ್ ಬರೆಯುವ ಮುನ್ನ

ಯಾವುದೇ ಹಳೆಯ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಸಿದ್ಧವಾಗಿ ಕಟ್ಟಿದ ಸಾಫ್ಟ್‌ವೇರ್) ನನ್ನ ಕೈಗೆ ಬಂದಾಗ ಮೊದಲು ಅದರ ಕೋಡ್ ಓದಲು ಕೂರುವುದಿಲ್ಲ. ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳಲ್ಲಿ ಸ್ಲ್ಯಾಶ್ ಎಲ್ಲೆಲ್ಲಿದೆ ಅಂತ ಹುಡುಕುತ್ತೇನೆ. ಸ್ಲ್ಯಾಶ್ ಇದ್ದಲ್ಲಿ ಪಾತ್, ಅಂದರೆ ಫೈಲಿನ ವಿಳಾಸ, ಇರುತ್ತದೆ. /ಹೋಮ್, /ಆಪ್ಟ್, /ಟೆಂಪ್, /ಯುಎಸ್‌ಆರ್/ಲೋಕಲ್ ಅಂತ ಒಂದೊಂದನ್ನೇ ಗ್ರೆಪ್ ಕಮಾಂಡಿನಿಂದ ಹುಡುಕಿ, ಸಿಕ್ಕಿದ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಪ್ಯಾಕೇಜ್ ಕಟ್ಟಿದವರು ಯಾವ ಫೈಲನ್ನು ಯಾರ ಸ್ವತ್ತು ಅಂದುಕೊಂಡಿದ್ದರು ಎಂಬುದು ಆ ಹಾಳೆ ನೋಡಿದರೆ ಗೊತ್ತಾಗಿಬಿಡುತ್ತದೆ. ಪಾತ್ ಬರೆಯುವಾಗಲೆಲ್ಲ ನಾವು ಒಂದು ತೀರ್ಮಾನ ಮಾಡುತ್ತಿರುತ್ತೇವೆ: ಈ ಫೈಲು ಪ್ಯಾಕೇಜಿನದೋ, ಮಷೀನ್ ನೋಡಿಕೊಳ್ಳುವವರದೋ, ಅದರ ಮುಂದೆ ಕೂತು ದಿನವಿಡೀ ಕೆಲಸ ಮಾಡುವವರದೋ. ಆ ತೀರ್ಮಾನವನ್ನು ಯೋಚಿಸಿ ಮಾಡಿದ್ದರೆ ಪ್ಯಾಕೇಜ್ ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ. ಯೋಚಿಸದೆ ಮಾಡಿದ್ದರೆ ಪ್ರತಿ ಅಪ್‌ಗ್ರೇಡ್‌ಗೂ ಯಾರಾದರೂ ಸ್ಥಳಕ್ಕೆ ಓಡಬೇಕು.

ನಮ್ಮ ಆಫೀಸು ರಾಜಾಜಿನಗರದಲ್ಲಿದೆ. ಯಶವಂತಪುರದ ಎಪಿಎಂಸಿ ಯಾರ್ಡಿನ ಕೆಲವು ಮಂಡಿಗಳಲ್ಲಿ ತೂಕದ ಯಂತ್ರದಿಂದ ನೇರವಾಗಿ ಲೆಕ್ಕ ತೆಗೆದುಕೊಂಡು ಚೀಟಿ ಮುದ್ರಿಸುವ ಸಾಫ್ಟ್‌ವೇರ್ ನಮ್ಮದು. ಮಷೀನುಗಳಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ವಿತರಣೆ ಓಡುತ್ತದೆ, ಪರದೆಯ ಮೇಲೆ ಕಾಣುವುದೆಲ್ಲ ಕನ್ನಡ. ಪ್ಯಾಕೇಜಿನ ಹೆಸರನ್ನು ಇಲ್ಲಿ ‘ತೂಕ’ ಅಂತಲೇ ಕರೆಯುತ್ತೇನೆ. ಅದರ ಮೊದಲ ಆವೃತ್ತಿಯನ್ನು ಬೇರೆಯವರು ಬರೆದಿದ್ದರು, ಆಮೇಲೆ ನಿರ್ವಹಣೆ ನನಗೆ ಬಂತು. ಈ ಬರಹದಲ್ಲಿರುವ ಉದಾಹರಣೆಗಳಲ್ಲಿ ಬಹಳಷ್ಟು ಆ ಒಂದು ಪ್ಯಾಕೇಜಿನಿಂದಲೇ ಬಂದವು.

ಹೊಸದಾಗಿ ತಂಡಕ್ಕೆ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಮೂರು ಜಾಗಗಳನ್ನು ಬೇರೆಬೇರೆಯಾಗಿ ನೋಡುವುದನ್ನು. ಸಾಫ್ಟ್‌ವೇರ್ ಕಟ್ಟುವ ಜಾಗ ಒಂದು, ಅದು ಬಿಲ್ಡ್ ಸರ್ವರಿನ ಯಾವುದೋ ಡೈರೆಕ್ಟರಿ. ಪ್ಯಾಕೇಜ್ ಮಾಡಲೆಂದು ಫೈಲುಗಳನ್ನು ತಾತ್ಕಾಲಿಕವಾಗಿ ಜೋಡಿಸಿಡುವ ಜಾಗ ಇನ್ನೊಂದು. ಕೊನೆಗೆ ಮಂಡಿಯ ಮಷೀನಿನಲ್ಲಿ ಫೈಲು ಹೋಗಿ ಕೂರುವ ಜಾಗ ಮತ್ತೊಂದು. ಗ್ನು ಅನ್ನುವ ಮುಕ್ತ ಸಾಫ್ಟ್‌ವೇರ್ ಯೋಜನೆಯ ಸಂಪ್ರದಾಯದಲ್ಲಿ ಕೊನೆಯದಕ್ಕೆ ‘ಪ್ರಿಫಿಕ್ಸ್’, ನಡುವಿನದಕ್ಕೆ ‘ಡೆಸ್ಟ್‌ಡಿರ್’ ಅನ್ನುತ್ತಾರೆ. ಫೆಡೋರಾದಂಥ ಲಿನಕ್ಸ್ ವಿತರಣೆಗಳು ಬಳಸುವ ಆರ್‌ಪಿಎಂ ಪ್ಯಾಕೇಜುಗಳ ಜಗತ್ತಿನಲ್ಲಿ ನಡುವಿನದು ‘ಬಿಲ್ಡ್‌ರೂಟ್’. ಕಟ್ಟುವ ಹಂತಗಳನ್ನು ಬರೆದಿಡುವ ಮೇಕ್‌ಫೈಲಿನಲ್ಲಿ ಇನ್‌ಸ್ಟಾಲ್ ಮಾಡುವ ಪ್ರತಿ ಸಾಲಿನ ಪಾತ್‌ನ ಆರಂಭಕ್ಕೂ ಡೆಸ್ಟ್‌ಡಿರ್ ಸೇರಿಸಬೇಕು. ಆದರೆ ಫೈಲಿನ ಒಳಗೆ ಬರೆಯುವ ಯಾವ ಪಾತ್‌ನಲ್ಲೂ ಅದು ಕಾಣಿಸಬಾರದು. ಯಾಕೆಂದರೆ ಜೋಡಿಸುವ ಜಾಗ ಪ್ಯಾಕೇಜ್ ಆದ ಕೂಡಲೇ ಅಳಿಸಿಹೋಗುತ್ತದೆ.

‘ತೂಕ’ದ ಹಳೆಯ ಪ್ಯಾಕೇಜಿನಲ್ಲಿ ಜೋಡಿಸುವ ಜಾಗ, ಫೈಲು ಕೂರುವ ಜಾಗ ಎರಡೂ ಕಲಸಿಹೋಗಿದ್ದವು. ಕಾನ್ಫಿಗರೇಶನ್ ಫೈಲನ್ನು ಟೆಂಪ್ಲೇಟಿನಿಂದ ತಯಾರಿಸುವ ಸಾಲಿನಲ್ಲಿ ಡೆಸ್ಟ್‌ಡಿರ್ ಸೇರಿಸಿದ ಪಾತ್‌ನ್ನೇ ಫೈಲಿನೊಳಗೆ ತುಂಬಿದ್ದರು. ಬರೆದವರ ಲ್ಯಾಪ್‌ಟಾಪಿನಲ್ಲಿ ಆ ಡೈರೆಕ್ಟರಿ ಇದ್ದೇ ಇರುತ್ತಿತ್ತು, ಹಾಗಾಗಿ ಅಲ್ಲಿ ಎಲ್ಲವೂ ಸರಿಯಾಗಿ ಓಡುತ್ತಿತ್ತು. ಯಾರ್ಡಿನ ಮಷೀನಿನಲ್ಲಿ ಮಾತ್ರ ಲೋಗೋ ಚಿತ್ರ ಸಿಗದೆ ಚೀಟಿಯ ತಲೆಭಾಗ ಖಾಲಿ ಬರುತ್ತಿತ್ತು. ಈಗ ಬಿಲ್ಡ್ ಮುಗಿದ ಮೇಲೆ ಪ್ಯಾಕೇಜನ್ನು ಬಿಚ್ಚಿ, ಒಳಗಿನ ಎಲ್ಲ ಫೈಲುಗಳಲ್ಲಿ ಬಿಲ್ಡ್ ಡೈರೆಕ್ಟರಿಯ ಹೆಸರನ್ನು ಹುಡುಕುವ ಒಂದು ಹಂತ ಇಟ್ಟಿದ್ದೇನೆ. ಒಂದೇ ಒಂದು ಕಡೆ ಸಿಕ್ಕರೂ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಕಂಪೈಲರ್ ಕೂಡ, ದೋಷ ಹುಡುಕಲು ನೆರವಾಗುವ ಡೀಬಗ್ ಮಾಹಿತಿಯಲ್ಲಿ ಬಿಲ್ಡ್ ಪಾತ್ ಸೇರಿಸುತ್ತದೆ. ಅದನ್ನು ತೆಗೆಯಲು ಜಿಸಿಸಿ ಕಂಪೈಲರಿನ 8ನೇ ಆವೃತ್ತಿಯಿಂದ ಫೈಲ್-ಪ್ರಿಫಿಕ್ಸ್-ಮ್ಯಾಪ್ ಅನ್ನುವ ಆಯ್ಕೆ ಇದೆ. ಒಂದೇ ಸೋರ್ಸಿನಿಂದ ಯಾರು ಎಲ್ಲಿ ಕಟ್ಟಿದರೂ ಒಂದೇ ಬೈಟುಗಳು ಬರಬೇಕು ಅನ್ನುವವರಿಗೆ ಇದು ತುಂಬಾ ಮುಖ್ಯ.

ಪ್ರಿಫಿಕ್ಸ್ ವಿಷಯದಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಬಿಲ್ಡ್ ಸಿದ್ಧಮಾಡಿಕೊಡುವ ಆಟೋಕಾನ್ಫ್ ಉಪಕರಣ ಬಳಸುವ ಸಾಫ್ಟ್‌ವೇರಿಗೆ ಏನೂ ಹೇಳದಿದ್ದರೆ ಪ್ರಿಫಿಕ್ಸ್ /ಯುಎಸ್‌ಆರ್/ಲೋಕಲ್ ಆಗುತ್ತದೆ. ಅದು ಮಷೀನ್ ನೋಡಿಕೊಳ್ಳುವವರು ತಮ್ಮ ಕೈಯಾರೆ ಹಾಕಿಕೊಂಡದ್ದಕ್ಕೆ ಮೀಸಲಾದ ಜಾಗ, ವಿತರಣೆಯ ಪ್ಯಾಕೇಜ್ ಅಲ್ಲಿ ಫೈಲು ಇಡುವಂತಿಲ್ಲ. ಸರಿ ಅಂತ ಪ್ರಿಫಿಕ್ಸನ್ನು /ಯುಎಸ್‌ಆರ್ ಮಾಡಿದರೆ ಕಾನ್ಫಿಗರೇಶನ್ ಜಾಗ ತಾನಾಗಿ /ಯುಎಸ್‌ಆರ್/ಇಟಿಸಿ ಆಗಿಬಿಡುತ್ತದೆ, ಬದಲಾಗುವ ಡೇಟಾ /ಯುಎಸ್‌ಆರ್/ವಾರ್‌ಗೆ ಹೋಗುತ್ತದೆ. ಹಾಗಾಗಿ ‘ಸಿಸ್‌ಕಾನ್ಫ್‌ಡಿರ್’ /ಇಟಿಸಿ, ‘ಲೋಕಲ್‌ಸ್ಟೇಟ್‌ಡಿರ್’ /ವಾರ್ ಅಂತ ಬೇರೆಯಾಗಿ ಹೇಳಲೇಬೇಕು. ಡೆಬಿಯನ್‌ನಲ್ಲಿ ಪ್ಯಾಕೇಜ್ ಕಟ್ಟುವ ಡೆಬ್‌ಹೆಲ್ಪರ್ ಉಪಕರಣ ಈ ಕೆಲಸವನ್ನು ನಮ್ಮ ಪರವಾಗಿ ಮಾಡುತ್ತದೆ, ಆರ್‌ಪಿಎಂನಲ್ಲಿ ಇದಕ್ಕೆಲ್ಲ ಸಿದ್ಧ ಮ್ಯಾಕ್ರೋಗಳಿವೆ, ಅಂದರೆ ಪಾತ್‌ಗೆ ಬದಲಾಗಿ ಬರೆಯುವ ಹೆಸರುಗಳು. ಆ ಮ್ಯಾಕ್ರೋಗಳನ್ನು ಬಿಟ್ಟು ಪಾತ್‌ನ್ನು ಕೈಯಲ್ಲೇ ಬರೆಯುವವರಿಗೆ ನಾನು ತೋರಿಸುವ ಉದಾಹರಣೆ ಲೈಬ್ರರಿಗಳದು, ಅಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನದು. 64 ಬಿಟ್ ಲೈಬ್ರರಿಗಳನ್ನು ಫೆಡೋರಾ /ಯುಎಸ್‌ಆರ್/ಲಿಬ್64ರಲ್ಲಿ ಇಡುತ್ತದೆ. ಡೆಬಿಯನ್ /ಯುಎಸ್‌ಆರ್/ಲಿಬ್ ಒಳಗೆ ಪ್ರತಿ ಪ್ರೊಸೆಸರ್ ಬಗೆಗೂ ಒಂದೊಂದು ಡೈರೆಕ್ಟರಿ ಮಾಡುತ್ತದೆ. ಎರಡೂ ಕಡೆ ಓಡಬೇಕಾದ ಸ್ಕ್ರಿಪ್ಟಿನಲ್ಲಿ ಯಾವುದನ್ನು ಬರೆದಿಟ್ಟರೂ ಇನ್ನೊಂದು ಕಡೆ ತಪ್ಪು. ಪಾತ್‌ನ್ನು ಕೇಳಿ ತಿಳಿದುಕೊಳ್ಳಲು ದಾರಿಯಿದ್ದರೆ, ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್ ಇರಲಿ ಮ್ಯಾಕ್ರೋ ಇರಲಿ, ಕೇಳಿಯೇ ಬರೆಯಬೇಕು.

ಬಿಲ್ಡ್ ಸರ್ವರಿನ ಪಾತ್ ಉದ್ದವಾದಾಗ ಬರುವ ಒಂದು ವಿಚಿತ್ರ ತೊಂದರೆಯನ್ನೂ ಹೇಳಿಬಿಡುತ್ತೇನೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಅದನ್ನು ಓದಿ ಓಡಿಸುವ ಇಂಟರ್‌ಪ್ರಿಟರ್ ಎಲ್ಲಿದೆ ಅಂತ ಬರೆಯುತ್ತೇವಲ್ಲ, ಆ ಸಾಲಿಗೆ ಲಿನಕ್ಸಿನ ತಿರುಳಾದ ಕರ್ನಲ್ ಒಂದು ಮಿತಿ ಹಾಕಿದೆ. 2019ರಲ್ಲಿ ಬಂದ 5.1 ಆವೃತ್ತಿಗಿಂತ ಮುಂಚೆ ಅದು 127 ಅಕ್ಷರ ಇತ್ತು, ಆಮೇಲೆ 255 ಆಯಿತು. ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟನ್ನು (ಒಂದು ಪ್ರೋಗ್ರಾಂಗೇ ಮೀಸಲಾದ ಪೈಥಾನ್ ಭಾಷೆಯ ಲೈಬ್ರರಿಗಳ ಡೈರೆಕ್ಟರಿ) ಆಳವಾದ ಡೈರೆಕ್ಟರಿಯಲ್ಲಿ ಕಟ್ಟಿದರೆ ಈ ಮಿತಿ ಮುಟ್ಟುವುದು ಸುಲಭ. ಆಗ ಕಣ್ಣೆದುರಿಗೇ ಇರುವ ಫೈಲನ್ನು ಹಳೆಯ ಕರ್ನಲ್ ‘ಇಲ್ಲ’ ಅನ್ನುತ್ತದೆ.

ಯಾವ ಫೈಲು ಎಲ್ಲಿರಬೇಕು ಅನ್ನುವುದಕ್ಕೆ ಒಂದು ಮಾನದಂಡ ಬಹಳ ಹಿಂದಿನಿಂದ ಇದೆ. 1994ರ ಫೆಬ್ರವರಿಯಲ್ಲಿ ಲಿನಕ್ಸಿಗಾಗಿ ಅದರ ಮೊದಲ ರೂಪ ಬಂತು, ಆಮೇಲೆ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ ಅನ್ನುವ ಹೆಸರಾಯಿತು, 2015ರಲ್ಲಿ 3.0 ಆವೃತ್ತಿ ಹೊರಬಂತು. ಕಾನ್ಫಿಗರೇಶನ್ /ಇಟಿಸಿಯಲ್ಲಿ, ಬದಲಾಗದ ಚಿತ್ರ-ಅಕ್ಷರಗಳಂಥವು /ಯುಎಸ್‌ಆರ್/ಶೇರ್‌ನಲ್ಲಿ, ಪ್ರೋಗ್ರಾಂ ತಾನಾಗಿ ಬೆಳೆಸುವ ಡೇಟಾ /ವಾರ್/ಲಿಬ್‌ನಲ್ಲಿ, ಸರದಿಯಲ್ಲಿ ಕಾಯುವ ಕೆಲಸ /ವಾರ್/ಸ್ಪೂಲ್‌ನಲ್ಲಿ, ಮತ್ತೆ ತಯಾರಿಸಿಕೊಳ್ಳಬಹುದಾದದ್ದು /ವಾರ್/ಕ್ಯಾಶ್‌ನಲ್ಲಿ. ಇದನ್ನು ಓದಿದವರಿಗೂ ತಮ್ಮ ಸಾಫ್ಟ್‌ವೇರಿನ ಒಂದು ಫೈಲನ್ನು ಮುಂದಿಟ್ಟುಕೊಂಡಾಗ ಗೊಂದಲ ಆಗುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಅಳಿಸಿಹೋದರೆ ನಷ್ಟ ಯಾರಿಗೆ? ಚೀಟಿಯ ಮುನ್ನೋಟದ ಚಿತ್ರ ಅಳಿಸಿದರೆ ಯಾರಿಗೂ ನಷ್ಟವಿಲ್ಲ, ಅದು ಕ್ಯಾಶ್. ಪ್ರಿಂಟರಿಗೆ ಹೋಗದೆ ಕಾಯುತ್ತಿರುವ ಚೀಟಿ ಅಳಿಸಿದರೆ ಆ ಹೊತ್ತಿನ ಗಿರಾಕಿಗೆ ತೊಂದರೆ, ಅದು ಸ್ಪೂಲ್. ದಿನದ ತೂಕದ ದಾಖಲೆ ಅಳಿಸಿದರೆ ಮಾಲು ತಂದ ರೈತನ ಲೆಕ್ಕವೇ ಹೋಯಿತು. ಅದು /ವಾರ್/ಲಿಬ್/ತೂಕದಲ್ಲಿ ಇರಬೇಕು, ದಿನಾ ಬ್ಯಾಕಪ್ ಆಗಬೇಕು, ಪ್ಯಾಕೇಜಿನ ಯಾವ ಸ್ಕ್ರಿಪ್ಟೂ ಅದನ್ನು ಮುಟ್ಟಬಾರದು. ಹಳೆಯ ಪ್ಯಾಕೇಜಿನಲ್ಲಿ ಈ ಮೂರೂ /ಆಪ್ಟ್/ತೂಕ/ಡೇಟಾ ಅನ್ನುವ ಒಂದೇ ಡೈರೆಕ್ಟರಿಯಲ್ಲಿದ್ದವು. ಜಾಗ ತುಂಬಿತು ಅಂತ ಕ್ಯಾಶ್ ತೆಗೆಯಲು ಹೊರಟವರು ರೈತನ ಲೆಕ್ಕದ ಪಕ್ಕದಲ್ಲೇ ಡಿಲೀಟ್ ಕಮಾಂಡ್ ಓಡಿಸಬೇಕಾಗಿತ್ತು. ಯೋಚಿಸಿದರೆ ನನಗೆ ಈಗಲೂ ಭಯವಾಗುತ್ತದೆ.

ಇನ್ನು /ರನ್. ಇದು ಬಂದದ್ದು 2011ರ ಹೊತ್ತಿಗೆ, ಹಳೆಯ /ವಾರ್/ರನ್‌ನ ಬದಲಿಗೆ; ಆ ಹಳೆಯ ಹೆಸರು ಈಗ ಇಲ್ಲಿಗೇ ಕರೆತರುತ್ತದೆ. ಇದು ಡಿಸ್ಕಿನಲ್ಲಿ ಇರುವುದಿಲ್ಲ, ಮೆಮೊರಿಯಲ್ಲಿರುತ್ತದೆ. ಮಷೀನ್ ಆರಿಸಿದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ. ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ಓಡುವ ಹಳೆಯ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟು ಒಮ್ಮೆ /ವಾರ್/ರನ್/ತೂಕ ಅಂತ ಡೈರೆಕ್ಟರಿ ಮಾಡಿ ಸುಮ್ಮನಾಗುತ್ತಿತ್ತು. ಸದಾ ಓಡುವ ಸರ್ವರಿನಲ್ಲಿ ಇದು ತಿಂಗಳುಗಟ್ಟಲೆ ಗೊತ್ತಾಗದೆ ಇರಬಹುದು. ಯಾರ್ಡಿನಲ್ಲಿ ಹಾಗಲ್ಲ. ವ್ಯಾಪಾರ ಮುಗಿದ ಕೂಡಲೇ ಮಂಡಿಯ ಮೇನ್ ಸ್ವಿಚ್ಚನ್ನೇ ಆರಿಸಿ ಬೀಗ ಹಾಕುತ್ತಾರೆ, ಮರುದಿನ ಬೆಳಗಿನ ಜಾವ ಲಾರಿಗಳು ಬಂದು ನಿಂತ ಹೊತ್ತಿಗೆ ಮಷೀನ್ ಹೊಸದಾಗಿ ಬೂಟ್ ಆಗಬೇಕು. ‘ನಿನ್ನೆ ಚೆನ್ನಾಗೇ ಇತ್ತು ಮೇಡಂ, ಬೆಳಗ್ಗೆ ಆನ್ ಮಾಡಿದ್ರೆ ತಕ್ಕಡಿಗೂ ಕಂಪ್ಯೂಟರ್‌ಗೂ ಕನೆಕ್ಷನ್ನೇ ಇಲ್ಲ’ ಅಂತ ಗುಮಾಸ್ತರು ಫೋನ್ ಮಾಡುತ್ತಿದ್ದರು. ತಕ್ಕಡಿಯ ಕೇಬಲ್ ಬದಲಾಯಿಸಿ ನೋಡಿದ್ದರು, ಪೋರ್ಟ್ ಬದಲಾಯಿಸಿ ನೋಡಿದ್ದರು. ಇಲ್ಲದೆ ಹೋಗಿದ್ದದ್ದು ಸಾಕೆಟ್ ಫೈಲು (ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಬಳಸುವ ಫೈಲು) ಇಡಬೇಕಾದ ಆ ಡೈರೆಕ್ಟರಿ. ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಮ್‌ಡಿಯ ಸರ್ವಿಸ್ ಫೈಲಿನಲ್ಲಿ ‘ರನ್‌ಟೈಮ್‌ಡೈರೆಕ್ಟರಿ’ ಅನ್ನುವ ಒಂದು ಸಾಲು ಸೇರಿಸಿದರೆ ಸರ್ವಿಸ್ ಶುರುವಾಗುವಾಗಲೆಲ್ಲ ಅದು ಸರಿಯಾದ ಒಡೆತನ, ಅನುಮತಿಗಳ ಸಮೇತ ಡೈರೆಕ್ಟರಿ ಮಾಡಿಕೊಡುತ್ತದೆ. ಸರ್ವಿಸ್ ಇಲ್ಲದ ಪ್ಯಾಕೇಜಿಗೆ, ಬೂಟ್ ಆದಾಗ ಡೈರೆಕ್ಟರಿ ಮಾಡಿಕೊಡುವ ಟೆಂಪ್‌ಫೈಲ್ಸ್.ಡಿ ಇದೆ. ಆ ಸಾಲು ಸೇರಿಸಿ ಪೋಸ್ಟ್‌ಇನ್‌ಸ್ಟ್‌ನಿಂದ ಡೈರೆಕ್ಟರಿ ಮಾಡುವ ಭಾಗವನ್ನು ತೆಗೆದುಹಾಕಿದ ಮೇಲೆ ಆ ಫೋನುಗಳು ನಿಂತವು. /ರನ್ ಒಳಗೆ ಇನ್‌ಸ್ಟಾಲ್ ಸ್ಕ್ರಿಪ್ಟಿನಿಂದ ಏನನ್ನಾದರೂ ಸೃಷ್ಟಿಸುವ ಸಾಲು ಕಂಡರೆ ಅದನ್ನು ನಾನು ಕೂಡಲೇ ತೆಗೆಸುತ್ತೇನೆ.

ಸ್ಕ್ರಿಪ್ಟು ಬರೆಯುವ ರೀತಿಗೆ ಬರೋಣ. ಪಾತ್‌ಗಳೆಲ್ಲ ಸ್ಕ್ರಿಪ್ಟಿನ ತಲೆಯಲ್ಲಿ ಒಂದೇ ಕಡೆ ಇರಬೇಕು, ಒಂದೊಂದಕ್ಕೂ ಒಂದು ವೇರಿಯಬಲ್ (ಬೆಲೆ ತುಂಬಿಡುವ ಹೆಸರು), ಹೊರಗಿನಿಂದ ಬದಲಾಯಿಸಲು ಅವಕಾಶ. ಕಮಾಂಡುಗಳನ್ನು ಓಡಿಸುವ ಶೆಲ್‌ನಲ್ಲಿ ವೇರಿಯಬಲ್ ಹೆಸರಿನ ಪಕ್ಕ ಕೋಲನ್, ಹೈಫನ್ ಹಾಕಿ ಒಂದು ಬೆಲೆ ಬರೆದರೆ, ಹೊರಗಿನಿಂದ ಯಾರೂ ಏನೂ ಕೊಡದಿದ್ದಾಗ ಆ ಬೆಲೆ ಸಿಗುತ್ತದೆ. ಟೆಸ್ಟ್ ಮಾಡುವವರು ತಮ್ಮದೇ ಒಂದು ತಾತ್ಕಾಲಿಕ ಡೈರೆಕ್ಟರಿ ಕೊಟ್ಟು ಇಡೀ ಸ್ಕ್ರಿಪ್ಟನ್ನು ಭಯವಿಲ್ಲದೆ ಓಡಿಸಬಹುದು. ಹೈಫನ್ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಬೆಲೆ ಖಾಲಿಯಿದ್ದಾಗ ಸ್ಕ್ರಿಪ್ಟು ಅಲ್ಲೇ ನಿಂತುಬಿಡುತ್ತದೆ. ಅಳಿಸುವ ಕಮಾಂಡಿನಲ್ಲಿ ಬರುವ ವೇರಿಯಬಲ್‌ಗಳಿಗೆಲ್ಲ ಈ ಎರಡನೆಯ ರೂಪ ಕಡ್ಡಾಯ ಅಂತ ನಮ್ಮಲ್ಲಿ ನಿಯಮ ಮಾಡಿದ್ದೇನೆ.

ಈ ನಿಯಮದ ಹಿಂದೆ ದೊಡ್ಡ ದೊಡ್ಡ ಅನಾಹುತಗಳಿವೆ. 2001ರ ನವೆಂಬರಿನಲ್ಲಿ ಮ್ಯಾಕ್‌ಗೆ ಬಂದ ಐಟ್ಯೂನ್ಸ್ 2.0ರ ಇನ್‌ಸ್ಟಾಲರು ಹಳೆಯ ಆವೃತ್ತಿಯನ್ನು ಅಳಿಸಲು ಒಂದು ಸ್ಕ್ರಿಪ್ಟು ಓಡಿಸುತ್ತಿತ್ತು. ಅದರಲ್ಲಿ ಪಾತ್‌ಗೆ ಉದ್ಧರಣ ಚಿಹ್ನೆ ಹಾಕಿರಲಿಲ್ಲ, ಹಾಗಿದ್ದಾಗ ಶೆಲ್ ಸ್ಪೇಸ್ ಇದ್ದಲ್ಲಿ ಪಾತ್‌ನ್ನು ಎರಡಾಗಿ ಒಡೆಯುತ್ತದೆ. ಡಿಸ್ಕಿನ ಹೆಸರಿನಲ್ಲಿ ಸ್ಪೇಸ್ ಇದ್ದ ಕೆಲವರ ಡಿಸ್ಕುಗಳೇ ಅಳಿಸಿಹೋದವು, ಆಪಲ್ ಅದನ್ನು ಹಿಂತೆಗೆದುಕೊಂಡು 2.0.1 ಕೊಟ್ಟಿತು. ಹತ್ತು ವರ್ಷದ ನಂತರ, 2011ರಲ್ಲಿ, ಎರಡು ಗ್ರಾಫಿಕ್ಸ್ ಕಾರ್ಡುಗಳಿರುವ ಲ್ಯಾಪ್‌ಟಾಪುಗಳಿಗಾಗಿ ಮಾಡಿದ ಬಂಬಲ್‌ಬೀ ಅನ್ನುವ ಪ್ರಾಜೆಕ್ಟಿನ ಸ್ಕ್ರಿಪ್ಟಿನಲ್ಲಿ /ಯುಎಸ್‌ಆರ್ ಆದಮೇಲೆ ಒಂದು ಸ್ಪೇಸ್ ನುಸುಳಿತ್ತು. ಅಷ್ಟಕ್ಕೇ ಜನರ ಇಡೀ /ಯುಎಸ್‌ಆರ್ ಹೋಯಿತು. 2015ರ ಜನವರಿಯಲ್ಲಿ ಸ್ಟೀಮ್ ಗೇಮ್ ಕ್ಲೈಂಟಿನ ಲಿನಕ್ಸ್ ಆವೃತ್ತಿಯಲ್ಲಿ ನಡೆದದ್ದನ್ನು ನಾನು ಹೊಸಬರಿಗೆ ವಿವರವಾಗಿಯೇ ಹೇಳುತ್ತೇನೆ. ಸ್ಕ್ರಿಪ್ಟು ತಾನು ಇರುವ ಡೈರೆಕ್ಟರಿಗೆ ಹೋಗಿ ಅದರ ಹೆಸರನ್ನು ಒಂದು ವೇರಿಯಬಲ್‌ಗೆ ತುಂಬಿಕೊಳ್ಳಬೇಕಿತ್ತು. ಆ ಡೈರೆಕ್ಟರಿಯನ್ನು ಯಾರೋ ಬೇರೆ ಕಡೆಗೆ ಸರಿಸಿದ್ದರಿಂದ ಹೋಗುವ ಪ್ರಯತ್ನ ಸೋತಿತು, ವೇರಿಯಬಲ್ ಖಾಲಿ ಉಳಿಯಿತು. ಆಮೇಲೆ ಬಂದ ಸಾಲು ಆ ವೇರಿಯಬಲ್ಲಿನ ಕೊನೆಗೆ ಸ್ಲ್ಯಾಶ್, ನಕ್ಷತ್ರ (‘ಒಳಗಿರುವುದೆಲ್ಲ’ ಅನ್ನುವ ಚಿಹ್ನೆ) ಸೇರಿಸಿ ಅಳಿಸುವಂಥದ್ದು. ಖಾಲಿಯ ಕೊನೆಗೆ ಸ್ಲ್ಯಾಶ್ ಅಂದರೆ ರೂಟ್, ಎಲ್ಲ ಡೈರೆಕ್ಟರಿಗಳ ಬೇರು! ಬಳಕೆದಾರರಿಗೆ ಬರೆಯುವ ಅನುಮತಿ ಇದ್ದ ಫೈಲುಗಳೆಲ್ಲ ಅಳಿಸಿದವು, ಜೋಡಿಸಿಟ್ಟಿದ್ದ ಹೊರಗಿನ ಡ್ರೈವಿನ ಬ್ಯಾಕಪ್ ಕೂಡ. ಆ ಸಾಲಿನ ಮೇಲೆ ಅದನ್ನು ಬರೆದವರೇ ‘ಭಯಾನಕ’ ಅನ್ನುವ ಅರ್ಥದ ಟಿಪ್ಪಣಿ ಹಾಕಿಟ್ಟಿದ್ದರು. ಅವರಿಗೆ ಅಪಾಯ ಗೊತ್ತಿತ್ತು, ತಡೆ ಮಾತ್ರ ಹಾಕಿರಲಿಲ್ಲ. ಗಮನಿಸಿ, ಇಲ್ಲಿ ಉದ್ಧರಣ ಚಿಹ್ನೆ ಸರಿಯಾಗಿಯೇ ಇತ್ತು. ಮೊದಲ ಎರಡು ಪ್ರಕರಣಗಳ ಪಾಠ ಕಲಿತವರೂ ಮೂರನೆಯದರಲ್ಲಿ ಸಿಕ್ಕಿಬೀಳುತ್ತಿದ್ದರು.

‘ನಾನು ಎಲ್ಲಿದ್ದೇನೆ’ ಅಂತ ಸ್ಕ್ರಿಪ್ಟು ತಿಳಿದುಕೊಳ್ಳುವುದು ಕಷ್ಟದ ಕೆಲಸ. ಚುಕ್ಕೆಯಿಂದ ಶುರುವಾಗುವ ರಿಲೇಟಿವ್ ಪಾತ್ ಅಂದರೆ ಮಲ್ಲೇಶ್ವರದಲ್ಲಿ ನಿಂತು ‘ಇಲ್ಲಿಂದ ಎರಡನೇ ಕ್ರಾಸು, ಎಡಕ್ಕೆ’ ಅಂದ ಹಾಗೆ. ಕೇಳುವವರು ಜಯನಗರದಲ್ಲಿದ್ದರೆ ಅವರೂ ಯಾವುದೋ ಎರಡನೇ ಕ್ರಾಸಿನಲ್ಲಿ ಎಡಕ್ಕೆ ತಿರುಗುತ್ತಾರೆ, ತಲುಪುವುದು ಬೇರೆ ಮನೆಗೆ. ಸ್ಕ್ರಿಪ್ಟನ್ನು ಓಡಿಸಿದವರು ಯಾವ ಡೈರೆಕ್ಟರಿಯಲ್ಲಿ ನಿಂತಿದ್ದರು ಅನ್ನುವುದನ್ನು ನಂಬಬಾರದು. ಸ್ಕ್ರಿಪ್ಟಿನ ಸ್ವಂತ ಹೆಸರಿನಿಂದ ಡೈರೆಕ್ಟರಿ ತೆಗೆದು, ಸಿಡಿ ಕಮಾಂಡಿನಿಂದ ಅಲ್ಲಿಗೆ ಹೋಗಿ, ಈಗ ಎಲ್ಲಿದ್ದೇನೆ ಅಂತ ಪಿಡಬ್ಲ್ಯುಡಿ ಕಮಾಂಡನ್ನು ಕೇಳುವುದು ರೂಢಿ. ಸ್ಕ್ರಿಪ್ಟನ್ನು ಸಿಂಬಾಲಿಕ್ ಲಿಂಕ್ (ಬೇರೆ ಜಾಗದ ಫೈಲಿಗೆ ಕೈತೋರುವ ಹೆಸರು) ಮೂಲಕ ಕರೆದಿದ್ದರೆ ಅದೂ ಸಾಲದು, ನಿಜವಾದ ಜಾಗ ಹೇಳುವ ರಿಯಲ್‌ಪಾತ್ ಬೇಕು. ಸಿಡಿ ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಸಿಡಿಪಾತ್ ಅನ್ನುವ ವೇರಿಯಬಲ್ಲನ್ನು ಯಾರಾದರೂ ಎಕ್ಸ್‌ಪೋರ್ಟ್ ಮಾಡಿಟ್ಟಿದ್ದರೆ ಸಿಡಿ ಕಮಾಂಡೇ ಒಮ್ಮೊಮ್ಮೆ ಡೈರೆಕ್ಟರಿಯ ಹೆಸರನ್ನು ಮುದ್ರಿಸುತ್ತದೆ, ಆಗ ವೇರಿಯಬಲ್‌ನಲ್ಲಿ ಪಾತ್ ಎರಡು ಸಲ ಬಂದು ಕೂರುತ್ತದೆ. ಅದಕ್ಕೇ ಸ್ಕ್ರಿಪ್ಟಿನ ಶುರುವಿನಲ್ಲೇ ಆ ವೇರಿಯಬಲ್ಲನ್ನು ತೆಗೆದುಹಾಕುವುದು ಒಳ್ಳೆಯದು. ಇನ್‌ಸ್ಟಾಲ್ ಆದ ಪ್ಯಾಕೇಜಿಗೆ ಇಷ್ಟೆಲ್ಲ ಸರ್ಕಸ್ಸೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ತನ್ನ ಜಾಗ ಎಲ್ಲಿ ಅಂತ ಬಿಲ್ಡ್ ಆಗುವಾಗಲೇ ಗೊತ್ತಿರುತ್ತದೆ, ಅದನ್ನೇ ಬರೆದುಬಿಡಿ.

ಕಮಾಂಡುಗಳ ಪಾತ್ ಮಾತ್ರ ಇದಕ್ಕೆ ತಿರುಗುಮುರುಗು. ಡೆಬಿಯನ್ ನೀತಿ ಕೈಪಿಡಿ ಮೇಂಟೇನರ್ ಸ್ಕ್ರಿಪ್ಟುಗಳಲ್ಲಿ (ಪ್ಯಾಕೇಜ್ ಹಾಕುವಾಗ, ತೆಗೆಯುವಾಗ ಓಡುವ ಸ್ಕ್ರಿಪ್ಟುಗಳು) ಕಮಾಂಡಿನ ಹೆಸರಿನ ಆರಂಭಕ್ಕೆ ಪೂರ್ತಿ ಪಾತ್ ಸೇರಿಸಬೇಡಿ ಅನ್ನುತ್ತದೆ. ಕಾರಣ ಇತಿಹಾಸದಲ್ಲಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್ ಬೆಳೆಯುವಾಗ ಡಿಸ್ಕುಗಳು ಬಹಳ ಚಿಕ್ಕವು. ಒಂದರಲ್ಲಿ ಜಾಗ ಸಾಲದೆ ಪ್ರೋಗ್ರಾಂಗಳು /ಯುಎಸ್‌ಆರ್ ಇದ್ದ ಇನ್ನೊಂದಕ್ಕೆ ಹರಡಿಕೊಂಡವು, /ಬಿನ್ ಬೇರೆ, /ಯುಎಸ್‌ಆರ್/ಬಿನ್ ಬೇರೆ ಆಗಿ ಉಳಿದವು. ಅದನ್ನು ಮತ್ತೆ ಒಂದು ಮಾಡುವ ಕೆಲಸವನ್ನು ಫೆಡೋರಾ 2012ರಲ್ಲಿ 17ನೇ ಆವೃತ್ತಿಯಲ್ಲಿ ಮಾಡಿತು. ಡೆಬಿಯನ್ ಹಂತಹಂತವಾಗಿ ಸಾಗಿ, 2023ರ 12ನೇ ಆವೃತ್ತಿಯಲ್ಲಿ ಕಡ್ಡಾಯ ಮಾಡಿತು. ಈಗ /ಬಿನ್ ಅನ್ನುವುದು ಬರೀ ಲಿಂಕ್. ಹೆಸರು ಮಾತ್ರ ಬರೆದು, ಹುಡುಕುವ ಕೆಲಸವನ್ನು ಪಾತ್ ವೇರಿಯಬಲ್‌ಗೆ (ಕಮಾಂಡುಗಳಿರುವ ಡೈರೆಕ್ಟರಿಗಳ ಪಟ್ಟಿ) ಬಿಟ್ಟಿದ್ದವರ ಸ್ಕ್ರಿಪ್ಟುಗಳಿಗೆ ಒಂದು ದಶಕ ಹಿಡಿದ ಈ ಬದಲಾವಣೆ ತಾಕಲೇ ಇಲ್ಲ.

ಹಾಗಂತ ಪಾತ್ ವೇರಿಯಬಲ್ಲನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಡೆಬಿಯನ್‌ನ ಕ್ರಾನ್ ತನ್ನಿಂದ ಓಡುವ ಕೆಲಸಗಳಿಗೆ /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡನ್ನೇ ಕೊಡುತ್ತದೆ. ಟರ್ಮಿನಲ್ಲಿನಲ್ಲಿ ಸೊಗಸಾಗಿ ಓಡಿದ ಬ್ಯಾಕಪ್ ಸ್ಕ್ರಿಪ್ಟು ರಾತ್ರಿ ಕ್ರಾನ್‌ನಲ್ಲಿ ‘ಕಮಾಂಡ್ ಸಿಗಲಿಲ್ಲ’ ಅನ್ನುವುದು ಇದರಿಂದಲೇ. ಬೇರೆ ಬಳಕೆದಾರರಾಗಲು ಬಳಸುವ ಎಸ್‌ಯು ಕಮಾಂಡ್ ಕೂಡ ಡೆಬಿಯನ್ 10ರಿಂದ ಬದಲಾಯಿತು. ಹೈಫನ್ ಇಲ್ಲದೆ ಬರೀ ಎಸ್‌ಯು ಅಂತ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆದರೆ ಹಳೆಯ ಬಳಕೆದಾರರ ಪಾತ್ ಹಾಗೇ ಉಳಿಯುತ್ತದೆ, ಆಡಳಿತದ ಕಮಾಂಡುಗಳಿರುವ ಎಸ್‌ಬಿನ್ ಸಿಗುವುದಿಲ್ಲ, ಡೆಬಿಯನ್ ಪ್ಯಾಕೇಜುಗಳನ್ನು ಹಾಕುವ ಡಿಪಿಕೆಜಿ ಇನ್‌ಸ್ಟಾಲ್ ಮಾಡಲು ಒಪ್ಪುವುದಿಲ್ಲ. ಕ್ರಾನ್‌ನಿಂದ ಓಡುವ ನಮ್ಮ ಸ್ಕ್ರಿಪ್ಟುಗಳು ಮೊದಲ ಸಾಲಿನಲ್ಲೇ ತಮ್ಮ ಪಾತ್ ತಾವೇ ಬರೆದುಕೊಳ್ಳುತ್ತವೆ.

ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರಿಗೆ ಸ್ಕ್ರಿಪ್ಟು ಬರೆಯುವವರು ಗಮನಿಸಲೇಬೇಕಾದ ಸಂಗತಿಗಳನ್ನು ನಾನು ಯಾವ ಕೈಪಿಡಿಯಲ್ಲೂ ಒಟ್ಟಿಗೆ ನೋಡಿಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಲೊಕೇಲ್ (ಮಷೀನಿನ ಭಾಷೆಯ ಸೆಟ್ಟಿಂಗ್) ಕನ್ನಡ ಇದ್ದರೆ, ಬಳಕೆದಾರರು ಮೊದಲ ಸಲ ಲಾಗಿನ್ ಆದಾಗ ಎಕ್ಸ್‌ಡಿಜಿ-ಯೂಸರ್-ಡಿರ್ಸ್ ಅನ್ನುವ ಪ್ರೋಗ್ರಾಂ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮುಂತಾದ ಫೋಲ್ಡರುಗಳನ್ನು ಕನ್ನಡ ಹೆಸರಿನಲ್ಲೇ ಮಾಡುತ್ತದೆ. ಹಳೆಯ ‘ತೂಕ’ ದಿನದ ಪಿಡಿಎಫ್‌ಗಳನ್ನು ಹೋಮ್ ಡೈರೆಕ್ಟರಿಯ ಕೆಳಗೆ ಇಂಗ್ಲಿಷ್ ಸ್ಪೆಲಿಂಗಿನ ‘ಡೌನ್‌ಲೋಡ್ಸ್’ಗೆ ಹಾಕುತ್ತಿತ್ತು. ಅದು ಇಲ್ಲದಿದ್ದರೆ ತಾನೇ ಸೃಷ್ಟಿಸಿಕೊಳ್ಳುತ್ತಿತ್ತು. ಗುಮಾಸ್ತರು ಪಕ್ಕದ ಪಟ್ಟಿಯಲ್ಲಿ ಕನ್ನಡದ ಫೋಲ್ಡರ್ ತೆರೆದು ‘ಫೈಲ್ ಬಂದೇ ಇಲ್ಲ’ ಅನ್ನುತ್ತಿದ್ದರು, ಇತ್ತ ಲಾಗ್‌ನಲ್ಲಿ ‘ಯಶಸ್ವಿ’ ಅಂತಿತ್ತು. ಎರಡೂ ನಿಜ. ಎಕ್ಸ್‌ಡಿಜಿ-ಯೂಸರ್-ಡಿರ್ ಅನ್ನುವ ಕಮಾಂಡಿಗೆ ‘ಡೌನ್‌ಲೋಡ್’ ಅಂತ ಕೊಟ್ಟರೆ ಆ ಬಳಕೆದಾರರ ನಿಜವಾದ ಪಾತ್ ಹೇಳುತ್ತದೆ. ಅವರು ಆ ಫೋಲ್ಡರನ್ನು ಬೇರೆ ಡಿಸ್ಕಿಗೆ ಸರಿಸಿದ್ದರೂ ಸರಿಯಾಗಿಯೇ ಹೇಳುತ್ತದೆ. ಬಳಕೆದಾರರ ಹೋಮ್ ಅವರದು, ಅದರೊಳಗೆ ಎಲ್ಲಿಡಬೇಕು ಅಂತ ಅವರ ಸೆಟ್ಟಿಂಗನ್ನೇ ಕೇಳಬೇಕು. ರೂಟ್ ಆಗಿ ಓಡುವ ಪ್ಯಾಕೇಜ್ ಸ್ಕ್ರಿಪ್ಟು ಅಲ್ಲಿಗೆ ಕಾಲಿಡಲೇಬಾರದು.

ಫೈಲಿನ ಹೆಸರಿನ ಉದ್ದಕ್ಕೆ ಲಿನಕ್ಸಿನ ಸಾಮಾನ್ಯ ಫೈಲ್‌ಸಿಸ್ಟಮ್‌ಗಳು 255 ಬೈಟುಗಳ ಮಿತಿ ಹಾಕುತ್ತವೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ (ಸ್ವಂತ ಸಂಖ್ಯೆಯಿರುವ ಅಕ್ಷರ ಅಥವಾ ಚಿಹ್ನೆ) 3 ಬೈಟು ಬೇಕು, ಅಂದರೆ ಹೆಚ್ಚೆಂದರೆ 85. ಅದರಲ್ಲೂ ಗುಣಿತದ ಚಿಹ್ನೆ, ಒತ್ತು, ಅನುಸ್ವಾರಗಳಿಗೆಲ್ಲ ಪ್ರತ್ಯೇಕ ಲೆಕ್ಕ. ‘ಯಶವಂತಪುರ’ ಅನ್ನುವ ಒಂದು ಹೆಸರಿಗೇ 24 ಬೈಟು. ರೈತರ ಹೆಸರು, ಊರು, ತಾಲ್ಲೂಕು, ಮಾಲು, ಲಾರಿ ನಂಬರು ಎಲ್ಲವನ್ನೂ ಸೇರಿಸಿ ಫೈಲಿಗೆ ಹೆಸರಿಟ್ಟರೆ ಕೆಲವು ಚೀಟಿಗಳು ಉಳಿಯುವುದೇ ಇಲ್ಲ. ಯಾವುವು ಉಳಿಯುವುದಿಲ್ಲ? ಉದ್ದ ಹೆಸರಿನ ರೈತರವು. ಇದು ನನಗೆ ಬಹಳ ಬೇಸರ ತಂದ ಸಂಗತಿ.

ಇನ್ನೂ ಸೂಕ್ಷ್ಮವಾದದ್ದು, ನೋಡಲು ಒಂದೇ ಆಗಿರುವ ಹೆಸರು ಒಳಗೆ ಎರಡು ಬಗೆಯಾಗಿ ಇರಬಹುದು. ‘ಕೋಲಾರ’ದ ‘ಕೋ’ದಲ್ಲಿರುವ ಸ್ವರಚಿಹ್ನೆಗೆ ಯೂನಿಕೋಡಿನಲ್ಲಿ ಒಂದೇ ಕೋಡ್ ಇದೆ. ಅದನ್ನೇ ಬಿಡಿಸಿ ಮೂರು ಚೂರುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಲಿನಕ್ಸಿಗೆ ಮಾತ್ರ ಅವು ಬೇರೆಬೇರೆ ಡೈರೆಕ್ಟರಿಗಳು. ಆಪಲ್‌ನ ಹಳೆಯ ಎಚ್‌ಎಫ್‌ಎಸ್‌ ಪ್ಲಸ್ ಫೈಲ್‌ಸಿಸ್ಟಮ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಉಳಿಸಿಕೊಳ್ಳುತ್ತಿತ್ತು. ಹಳೆಯ ಮ್ಯಾಕ್‌ನಿಂದ ಬಂದ ಫೋಲ್ಡರುಗಳನ್ನು ಬೆರೆಸಿದಾಗ ‘ಕೋಲಾರ’ ಎರಡು ಸಲ ಕಾಣುವುದು ಹೀಗೆ. ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಅಕ್ಷರವೂ ಇದೇ ಕೆಲಸ ಮಾಡುತ್ತದೆ. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಯಲ್ಲಿ ಒಬ್ಬರ ಕೀಬೋರ್ಡು ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಕೊನೆಗೆ ನಾವು ಹೀಗೆ ಮಾಡಿದೆವು: ಪ್ರೋಗ್ರಾಂ ತಾನಾಗಿ ಇಡುವ ಹೆಸರುಗಳಲ್ಲಿ ದಿನಾಂಕ ಮತ್ತು ಚೀಟಿ ಸಂಖ್ಯೆ ಮಾತ್ರ. ರೈತರ ಹೆಸರು, ಊರು ಪೂರ್ತಿಯಾಗಿ, ಕನ್ನಡದಲ್ಲೇ, ಡೇಟಾಬೇಸಿನೊಳಗೆ. ಬಳಕೆದಾರರು ತಾವಾಗಿ ಕನ್ನಡದಲ್ಲಿ ಹೆಸರಿಟ್ಟರೆ ನಮ್ಮ ಸ್ಕ್ರಿಪ್ಟು ಅದನ್ನು ಇದ್ದ ಹಾಗೇ ಗೌರವಿಸಬೇಕು, ಅಂದರೆ ಪ್ರತಿ ವೇರಿಯಬಲ್‌ಗೂ ಉದ್ಧರಣ ಚಿಹ್ನೆ ಇರಬೇಕು. ಟೆಸ್ಟ್ ಮಷೀನಿನ ಹೋಮ್ ಒಳಗೆ ‘ಈರುಳ್ಳಿ ಲೆಕ್ಕ’ ಅಂತ ನಡುವೆ ಸ್ಪೇಸ್ ಇರುವ ಫೋಲ್ಡರ್ ಮಾಡಿಟ್ಟಿದ್ದೇವೆ, ಎಲ್ಲ ಟೆಸ್ಟುಗಳೂ ಅದರೊಳಗೇ ಓಡುತ್ತವೆ.

ಜಾಗ ಸರಿಯಿದ್ದರೆ ಸ್ಕ್ರಿಪ್ಟೇ ಬೇಕಾಗದ ಸಂದರ್ಭಗಳೂ ಇವೆ. ಚೀಟಿಗೆ ಬಳಸುವ ಕನ್ನಡ ಅಕ್ಷರಶೈಲಿಯನ್ನು /ಯುಎಸ್‌ಆರ್/ಶೇರ್/ಫಾಂಟ್ಸ್ ಕೆಳಗೆ ಇಟ್ಟರೆ ಸಾಕು. ಆ ಡೈರೆಕ್ಟರಿಯಲ್ಲಿ ಏನಾದರೂ ಬದಲಾದರೆ ಅಕ್ಷರಶೈಲಿಗಳ ಲೆಕ್ಕ ಇಡುವ ಫಾಂಟ್‌ಕಾನ್ಫಿಗ್‌ನ ಟ್ರಿಗರ್ ತಾನಾಗಿ ಕ್ಯಾಶ್ ಹೊಸದು ಮಾಡುತ್ತದೆ. ಹಿಂದೆ ಫಾಂಟನ್ನು /ಆಪ್ಟ್‌ನಲ್ಲಿಟ್ಟು, ಅದಕ್ಕೊಂದು ಲಿಂಕ್ ಮಾಡಿ, ಪೋಸ್ಟ್‌ಇನ್‌ಸ್ಟ್‌ನಲ್ಲಿ ಕ್ಯಾಶ್ ಕಮಾಂಡ್ ಓಡಿಸಿ, ಪ್ಯಾಕೇಜ್ ತೆಗೆಯುವ ಮುನ್ನ ಓಡುವ ಪ್ರಿಆರ್‌ಎಂನಲ್ಲಿ ಲಿಂಕ್ ತೆಗೆಯುವ ಸಾಲುಗಳಿದ್ದವು. ಅವೆಲ್ಲವನ್ನೂ ಸಂತೋಷದಿಂದ ಅಳಿಸಿದೆ.

ಈಗ ಉಳಿದಿರುವ ದೊಡ್ಡ ಕೆಲಸ /ಆಪ್ಟ್/ತೂಕ/ಡೇಟಾದಲ್ಲಿರುವ ಹಳೆಯ ದಾಖಲೆಗಳನ್ನು /ವಾರ್/ಲಿಬ್/ತೂಕಕ್ಕೆ ತರುವುದು. ಕೆಲವು ಮಂಡಿಗಳಲ್ಲಿ ಪೆನ್‌ಡ್ರೈವಿಗೆ ಬ್ಯಾಕಪ್ ಮಾಡಲು ಅವರವರೇ ಬರೆಸಿಕೊಂಡ ಸ್ಕ್ರಿಪ್ಟುಗಳು ಹಳೆಯ ಪಾತ್‌ನ್ನೇ ಓದುತ್ತಿವೆ, ಆದ್ದರಿಂದ ಹಳೆಯ ಜಾಗದಲ್ಲಿ ಲಿಂಕ್ ಉಳಿಯಬೇಕು. ಡಿಪಿಕೆಜಿ ಅಪ್‌ಗ್ರೇಡ್ ಹೊತ್ತಿನಲ್ಲಿ ಡೈರೆಕ್ಟರಿಯನ್ನು ತಾನಾಗಿ ಲಿಂಕ್ ಆಗಿ ಬದಲಾಯಿಸುವುದಿಲ್ಲ. ಅದಕ್ಕೆ ಡಿಪಿಕೆಜಿ-ಮೇಂಟ್‌ಸ್ಕ್ರಿಪ್ಟ್-ಹೆಲ್ಪರ್ ಅನ್ನುವ ಉಪಕರಣದೊಳಗೆ ಬೇರೆಯೇ ಒಂದು ಸೌಲಭ್ಯವಿದೆ. ಪ್ಯಾಕೇಜಿಗೆ ಸೇರದ ಫೈಲುಗಳು ಆ ಡೈರೆಕ್ಟರಿಯಲ್ಲಿದ್ದರೆ ಅದು ಮುಂದುವರಿಯಲು ಒಪ್ಪುವುದಿಲ್ಲ, ಸರಿಯಾಗಿಯೇ ಇದೆ. ಹಾಗಾಗಿ ದಾಖಲೆಗಳನ್ನು ಮೊದಲು ಹೊಸ ಜಾಗಕ್ಕೆ ನಕಲು ಮಾಡಿ, ಎರಡೂ ಕಡೆಯ ಚೆಕ್‌ಸಮ್ (ಫೈಲಿನೊಳಗಿನದರಿಂದ ಲೆಕ್ಕಹಾಕಿದ ಗುರುತು) ಹೋಲಿಸಿ, ಒಂದೂ ತಪ್ಪಿಲ್ಲ ಅಂತಾದ ಮೇಲೆ ಹಳೆಯದನ್ನು ಖಾಲಿ ಮಾಡುವ ಕ್ರಮವನ್ನು ಬರೆಯುತ್ತಿದ್ದೇನೆ. ಪರ್ಜ್ ಮಾಡಿದಾಗ, ಅಂದರೆ ಪ್ಯಾಕೇಜನ್ನು ಪೂರ್ತಿಯಾಗಿ ತೆಗೆದಾಗ, ಕಾನ್ಫಿಗರೇಶನ್, ಲಾಗ್, ಕ್ಯಾಶ್ ಹೋಗುತ್ತವೆ. ತೂಕದ ದಾಖಲೆ ಹೋಗುವುದಿಲ್ಲ, ಅದು ಎಲ್ಲಿದೆ ಅಂತ ಪರದೆಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರುತ್ತದೆ. ಇನ್‌ಸ್ಟಾಲ್, ಅಪ್‌ಗ್ರೇಡ್, ತೆಗೆಯುವಿಕೆ ಮೂರನ್ನೂ ಪಿಯುಪಾರ್ಟ್ಸ್ ಅನ್ನುವ ಪರೀಕ್ಷಾ ಉಪಕರಣದಲ್ಲಿ ಪರೀಕ್ಷಿಸಿ ಮುಗಿದ ಮೇಲೆ, ಯಾರ್ಡಿಗೆ ರಜೆ ಇರುವ ದಿನ ನೋಡಿಕೊಂಡು ಮೊದಲು ಒಂದೇ ಮಂಡಿಯ ಮಷೀನಿಗೆ ಹಾಕುತ್ತೇವೆ. ಬ್ಯಾಕಪ್ ಸ್ಕ್ರಿಪ್ಟು ಬರೆಸಿಕೊಂಡವರೆಲ್ಲ ಹೊಸ ಪಾತ್‌ಗೆ ಬದಲಾಯಿಸಿಕೊಳ್ಳುವವರೆಗೂ ಹಳೆಯ ಲಿಂಕ್ ಅಲ್ಲಿಯೇ ಇರುತ್ತದೆ.